ಸೈಕಲ್ ಸವಾರಿ ಮತ್ತು ಜೋಮು: ಸರಿಯಾದ ಸೀಟು ಆರಿಸುವುದು ಹೇಗೆ?

ಕುಂದಾಪುರ: ಬ್ರಹ್ಮಾವರದಿಂದ ಹೊರಟು ಮಾಬುಕಳ, ಸಾಲಿಗ್ರಾಮ, ಕೋಟ, ಕೋಟೇಶ್ವರ, ಕುಂದಾಪುರ, ಹೆಮ್ಮಾಡಿ, ಮರವಂತೆ ಮಾರ್ಗವಾಗಿ ಬೈಂದೂರು ತಲುಪುವ ರಾಷ್ಟ್ರೀಯ ಹೆದ್ದಾರಿ 66ರ ಸುಮಾರು 55 ಕಿ.ಮೀ. ಹಾದಿ ಸೈಕಲ್ ಸವಾರರಿಗೆ ಹೇಳಿ ಮಾಡಿಸಿದಂತಿದೆ. ಮರವಂತೆಯಲ್ಲಿ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ವೈದ್ಯರ ಸಲಹೆಯಂತೆ ಸಕ್ಕರೆ ಕಾಯಿಲೆ ಹತೋಟಿಗಾಗಿ ಸೈಕಲ್ ಹತ್ತಿದವರು, ರಜೆಯಲ್ಲಿ ಊರಿಗೆ ಬಂದ ನಗರವಾಸಿಗಳು, ದೂರದ ಸವಾರಿಯ ಹವ್ಯಾಸಿಗಳು ಹೀಗೆ ಹಲವರಿಗೆ ಇದು ಪ್ರಿಯವಾದ ದಾರಿ.

ಆದರೆ ಈ ಸವಾರಿಯಲ್ಲಿ ಅನೇಕರು ಅನುಭವಿಸಿಯೂ ಯಾರೊಡನೆಯೂ ಹೇಳಿಕೊಳ್ಳದ ತೊಂದರೆಯೊಂದಿದೆ. ಅರ್ಧ ಗಂಟೆ ಅಥವಾ ಒಂದು ಗಂಟೆ ಕಳೆಯುವಷ್ಟರಲ್ಲಿ ತೊಡೆಸಂದಿಯಲ್ಲಿ, ಜನನಾಂಗದ ಭಾಗದಲ್ಲಿ ಜೋಮು ಹಿಡಿಯುತ್ತದೆ. ಸ್ಪರ್ಶಜ್ಞಾನ ಕುಂದುತ್ತದೆ, ಇಳಿದು ನಾಲ್ಕು ಹೆಜ್ಜೆ ನಡೆದ ಮೇಲೆ ಸೂಜಿ ಚುಚ್ಚಿದಂತಾಗಿ ಮತ್ತೆ ಸರಿಹೋಗುತ್ತದೆ. ಸಂಕೋಚದಿಂದ ಕೆಲವರು ಇದನ್ನು ನುಂಗಿಕೊಂಡು ವರ್ಷಗಟ್ಟಲೆ ತುಳಿಯುತ್ತಾರೆ. ಇನ್ನು ಕೆಲವರು ಸೈಕಲನ್ನೇ ಮೂಲೆಗೆ ಒರಗಿಸುತ್ತಾರೆ. ಇವೆರಡೂ ಅನಗತ್ಯ. ಬಹುಪಾಲು ಸಂದರ್ಭಗಳಲ್ಲಿ ಸೀಟಿನ ಅಗಲ, ಅದನ್ನು ಕೂಡಿಸಿದ ಕ್ರಮ ಹಾಗೂ ಸವಾರಿಯ ಅಭ್ಯಾಸ ಈ ಮೂರನ್ನು ಸರಿಪಡಿಸಿಕೊಂಡರೆ ಜೋಮು ದೂರವಾಗುತ್ತದೆ. ಆ ಕುರಿತ ಉಪಯುಕ್ತ ಮಾಹಿತಿ ಇಲ್ಲಿದೆ.

ಜೋಮು ಏಕೆ ಹಿಡಿಯುತ್ತದೆ?

ನಾವು ಕುಳಿತಾಗ ದೇಹದ ಭಾರವನ್ನು ಹೊರಲು ಪ್ರಕೃತಿ ಎರಡು ಮೂಳೆಗಳನ್ನು ಕೊಟ್ಟಿದೆ. ಸೊಂಟದ ಎಲುಬಿನ ತಳಭಾಗದಲ್ಲಿ, ಪೃಷ್ಠದ ಒಳಗೆ ಎಡಕ್ಕೊಂದು ಬಲಕ್ಕೊಂದು ಗಂಟಿನಂತೆ ಇವು ಕೈಗೆ ಸಿಗುತ್ತವೆ. ಗಟ್ಟಿ ಮಣೆಯ ಮೇಲೆ ಬಹಳ ಹೊತ್ತು ಕುಳಿತಾಗ ನೋಯುವುದು ಈ ಮೂಳೆಗಳೇ. ಅನುಕೂಲಕ್ಕಾಗಿ ಇವನ್ನು 'ಕೂರುವ ಮೂಳೆ'ಗಳೆಂದು ಕರೆಯೋಣ.

ಈ ಎರಡು ಮೂಳೆಗಳ ನಡುವೆ, ಗುದದ್ವಾರಕ್ಕೂ ಜನನಾಂಗಕ್ಕೂ ಮಧ್ಯೆ ಇರುವ ಭಾಗ ಮೃದುವಾದುದು. ಆ ಪ್ರದೇಶಕ್ಕೆ ಸ್ಪರ್ಶಜ್ಞಾನ ನೀಡುವ ಪ್ಯುಡೆಂಡಲ್ ನರ ಮತ್ತು ರಕ್ತ ಒದಗಿಸುವ ರಕ್ತನಾಳಗಳು ಜೊತೆಜೊತೆಯಾಗಿ ಅಲ್ಲಿಯೇ ಸಾಗುತ್ತವೆ. ಭಾರ ಕೂರುವ ಮೂಳೆಗಳ ಮೇಲೆ ಬಿದ್ದರೆ ತೊಂದರೆಯಿಲ್ಲ. ಸೀಟು ತೀರಾ ಕಿರಿದಾಗಿದ್ದರೆ ಆ ಮೂಳೆಗಳು ಸೀಟಿನ ಅಂಚಿನಿಂದ ಹೊರಗೆ ಉಳಿದು, ದೇಹದ ಭಾರವೆಲ್ಲ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ. ನರ ಒತ್ತಿಹೋಗುತ್ತದೆ, ರಕ್ತಸಂಚಾರ ಕಡಿಮೆಯಾಗುತ್ತದೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕುಳಿತಾಗ ಕಾಲಿಗೆ ಜೋಮು ಹಿಡಿಯುವುದೂ ಇದೇ ಬಗೆಯ ಒತ್ತಡದಿಂದ. ಒಂದು ವ್ಯತ್ಯಾಸವೆಂದರೆ, ಊಟಕ್ಕೆ ಕುಳಿತವರು ಕಾಲು ಬದಲಿಸುತ್ತಾರೆ. ಸೈಕಲ್ ಸವಾರರು ಅಲುಗಾಡದೆ ಮುಂದೆ ಸಾಗುತ್ತಾರೆ.

ಸಮತಟ್ಟು ರಸ್ತೆಯ ಸಮಸ್ಯೆ

ಘಟ್ಟದ ರಸ್ತೆ ಕಷ್ಟ, ಕರಾವಳಿಯ ರಸ್ತೆ ಸುಲಭ ಎಂಬುದು ಸಾಮಾನ್ಯ ನಂಬಿಕೆ. ಕಾಲಿನ ಮಟ್ಟಿಗೆ ಅದು ನಿಜ. ಸೀಟಿನ ವಿಷಯದಲ್ಲಿ ಮಾತ್ರ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಕೊಲ್ಲೂರು ಘಾಟಿಯನ್ನೋ ಹೊಸಂಗಡಿಯಾಚೆಯ ಬಾಳೆಬರೆ ಘಾಟಿಯನ್ನೋ ಏರುವವರು ಏರು ಬಂದಾಗಲೆಲ್ಲ ಪೆಡಲ್ ಮೇಲೆ ಎದ್ದು ನಿಂತು ತುಳಿಯುತ್ತಾರೆ. ಹಾಗೆ ನಿಂತಾಗಲೆಲ್ಲ ಒತ್ತಿದ ಭಾಗಕ್ಕೆ ರಕ್ತ ಮರಳಿ ಹರಿಯುತ್ತದೆ. ಬ್ರಹ್ಮಾವರದಿಂದ ಮರವಂತೆಯವರೆಗಿನ ದಾರಿಯಲ್ಲಿ ಸೇತುವೆಗಳ ಏರನ್ನು ಬಿಟ್ಟರೆ ಎದ್ದು ನಿಲ್ಲಬೇಕಾದ ಪ್ರಸಂಗವೇ ವಿರಳ. ಬೈಂದೂರು ಸಮೀಪದ ಒತ್ತಿನೆಣೆಯ ಏರು ಬರುವವರೆಗೂ ಕುಳಿತಲ್ಲೇ ಕುಳಿತಿರಬಹುದು. ಜೊತೆಗೆ ಕಡಲ ಕಡೆಯಿಂದ ಎದುರುಗಾಳಿ ಬೀಸಿದರೆ ಸವಾರ ತಲೆ ತಗ್ಗಿಸಿ ಮುಂದಕ್ಕೆ ಬಾಗುತ್ತಾನೆ. ಆಗ ಸೊಂಟ ಮುಂದಕ್ಕೆ ವಾಲಿ ಭಾರ ಹಿಂಬದಿಯ ಮೂಳೆಗಳಿಂದ ಮುಂಬದಿಯ ಮೃದು ಭಾಗಕ್ಕೆ ಜಾರುತ್ತದೆ.

ಈ ಮಾತಿಗೆ ಸಂಶೋಧನೆಯ ಆಧಾರವೂ ಇದೆ. 2018ರಲ್ಲಿ 'ಜರ್ನಲ್ ಆಫ್ ಯುರಾಲಜಿ'ಯಲ್ಲಿ ಪ್ರಕಟವಾದ ಅಧ್ಯಯನವೊಂದು 2,774 ಸೈಕಲ್ ಸವಾರ ಪುರುಷರನ್ನು ಈಜುಗಾರರು ಹಾಗೂ ಓಟಗಾರರೊಂದಿಗೆ ಹೋಲಿಸಿ ನೋಡಿತು. ಸೈಕಲ್ ಸವಾರರ ಲೈಂಗಿಕ ಆರೋಗ್ಯ ಇತರರಿಗಿಂತ ಕೆಟ್ಟದಾಗಿರಲಿಲ್ಲ ಎಂಬುದು ಅದರ ಸಮಾಧಾನಕರ ಅಂಶ. ಆದರೆ ಜೋಮಿನ ದೂರು ಹಾಗೂ ಮೂತ್ರನಾಳ ಕಿರಿದಾಗುವ ತೊಂದರೆ ಸವಾರರಲ್ಲಿ ಹೆಚ್ಚಾಗಿ ಕಂಡುಬಂದವು. ಸವಾರಿಯ ಸಮಯದ ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಎದ್ದು ನಿಂತು ತುಳಿಯುವವರಲ್ಲಿ ಹಾಗೂ ಹ್ಯಾಂಡಲ್ ಅನ್ನು ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲೆ ಇರಿಸಿಕೊಂಡವರಲ್ಲಿ ಜೋಮು ಕಡಿಮೆ ಇತ್ತು. ಶೇ. 20 ಎಂದರೆ ಗಂಟೆಗೆ 12 ನಿಮಿಷ. ಘಟ್ಟದಲ್ಲಿ ಇದು ತಾನಾಗಿಯೇ ಆಗುತ್ತದೆ. ಕರಾವಳಿಯಲ್ಲಿ ನೆನಪಿಟ್ಟುಕೊಂಡು ಮಾಡಬೇಕು.

ಹಳೆಯ ಚರ್ಮದ ಸೀಟಿನ ಮರ್ಮ

ಅಂಚೆ ಚೀಲ ಹೊತ್ತು ಹಳ್ಳಿ ಸುತ್ತುತ್ತಿದ್ದ ಅಂಚೆಯಣ್ಣ, ಹಾರ್ನ್ ಒತ್ತುತ್ತ ಮನೆಮನೆಗೆ ಮೀನು ತರುತ್ತಿದ್ದ ವ್ಯಾಪಾರಿ ಇವರೆಲ್ಲ ದಿನವಿಡೀ ಸೈಕಲ್ ತುಳಿದವರೇ. ಅವರಿಗಿಲ್ಲದ ತೊಂದರೆ ಈಗಿನವರಿಗೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಆ ಸೈಕಲಿನ ರಚನೆಯಲ್ಲೇ ಇದೆ.

ಚರ್ಮದ ಸೀಟಿನ ಇತಿಹಾಸದಲ್ಲಿ ಮುಖ್ಯವಾದ ಹೆಸರು ಇಂಗ್ಲೆಂಡಿನ ಬ್ರೂಕ್ಸ್. ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಲ್ಲಿ ಕುದುರೆ ಸಜ್ಜು ತಯಾರಿಸಲು ಆರಂಭವಾದ ಈ ಸಂಸ್ಥೆಯ ಸ್ಥಾಪಕ ಜಾನ್ ಬೌಲ್ಟ್‌ಬೀ ಬ್ರೂಕ್ಸ್, ತನ್ನ ಕುದುರೆ ಸತ್ತ ಬಳಿಕ ಎರವಲು ಸೈಕಲ್ ಏರಿ, ಅದರ ಸೀಟಿನ ಹಿಂಸೆ ತಾಳಲಾರದೆ ಹೊಸ ಸೀಟು ರೂಪಿಸಲು ಹೊರಟನೆಂದು ಹೇಳಲಾಗುತ್ತದೆ. 1882ರಲ್ಲಿ ಆತ ಸೀಟಿಗೆ ಪೇಟೆಂಟ್ ಪಡೆದ. ಲೋಹದ ಚೌಕಟ್ಟಿನ ಮೇಲೆ ದಪ್ಪ ಚರ್ಮವನ್ನು ತೊಟ್ಟಿಲ ಬಟ್ಟೆಯಂತೆ ಬಿಗಿದು, ಕೆಳಗೆ ಸುರುಳಿ ಸ್ಪ್ರಿಂಗ್ ಕೊಡುವ ಈ ಬಗೆಯ ಸೀಟು ಭಾರತದ ರಸ್ತೆಗಳಿಗೂ ಬಂತು. ಸ್ವಾತಂತ್ರ್ಯಾನಂತರ ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೊ 1956ರಲ್ಲಿ ಆರಂಭವಾದವು. ಈ ಸಂಸ್ಥೆಗಳ ಕಪ್ಪು ಸೈಕಲ್‌ಗಳ ಮೇಲೆ ಅದೇ ಮಾದರಿಯ ಅಗಲ ಸೀಟು ದಶಕಗಳ ಕಾಲ ಮೆರೆಯಿತು.

ಆ ಸೈಕಲಿನಲ್ಲಿ ಹ್ಯಾಂಡಲ್ ಸೀಟಿಗಿಂತ ಎತ್ತರದಲ್ಲಿರುತ್ತಿತ್ತು. ಸವಾರ ಬೆನ್ನು ನೇರವಾಗಿಸಿ ಕೂರುತ್ತಿದ್ದ. ಭಾರ ನೇರವಾಗಿ ಕೂರುವ ಮೂಳೆಗಳ ಮೇಲೆ, ಅಗಲವಾದ ಚರ್ಮದ ಮೇಲೆ ಬೀಳುತ್ತಿತ್ತು. ಮನೆಮನೆಗೂ ಇಳಿದು ಹತ್ತುವ ಕೆಲಸವಾದ್ದರಿಂದ ಒತ್ತಡಕ್ಕೆ ಬಿಡುವೂ ಸಿಗುತ್ತಿತ್ತು. ಇಂದಿನ ಗೇರ್ ಸೈಕಲ್‌ನಲ್ಲಿ ಹ್ಯಾಂಡಲ್ ತಗ್ಗಿದೆ, ಸೀಟು ಕಿರಿದಾಗಿದೆ, ಸವಾರಿ ಎಡೆಬಿಡದೆ ಸಾಗುತ್ತದೆ. ಮೂರೂ ಒಟ್ಟು ಸೇರಿದಾಗ ಜೋಮು ಸಹಜ.

ಹಾಗೆಂದು ಎಲ್ಲರೂ ಚರ್ಮದ ಸೀಟಿಗೆ ಮರಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಚರ್ಮ ನೆನೆದು ಜೋತುಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಕಡಲ ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ತಿನ್ನುತ್ತದೆ. ಮಳೆಗಾಲದಲ್ಲೂ ಸವಾರಿ ಮಾಡುವವರಿಗೆ ನೀರು ಹೀರದ ಕೃತಕ ಹೊದಿಕೆಯ ಸೀಟೇ ಲೇಸು. ಚರ್ಮದ ಸೀಟನ್ನೇ ಇಟ್ಟುಕೊಳ್ಳುವವರು ಮಳೆಯಲ್ಲಿ ಪ್ಲಾಸ್ಟಿಕ್ ಹೊದಿಸಬೇಕು, ನೆನೆದರೆ ನೆರಳಲ್ಲಿ ಒಣಗಿಸಬೇಕು. ಹೊಸ ಚರ್ಮ ಮೈಗೆ ಹೊಂದಿಕೊಳ್ಳಲು ನೂರಾರು ಕಿ.ಮೀ. ಸವಾರಿ ಬೇಕೆಂಬುದನ್ನೂ ಮರೆಯಬಾರದು.

ಮೆತ್ತಗಿದ್ದ ಮಾತ್ರಕ್ಕೆ ಸುಖವಿಲ್ಲ

ಜೋಮು ಹಿಡಿಯಿತೆಂದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂಗಡಿಗೆ ಹೋಗಿ ಮೆತ್ತನೆಯ ಜೆಲ್ ಕವರ್ ತಂದು ಹೊದಿಸುವುದು. ಮೊದಲ 15 ನಿಮಿಷ ಹಿತವೆನಿಸುತ್ತದೆ. ಬಳಿಕ ಕೂರುವ ಮೂಳೆಗಳು ಮೆತ್ತೆಯೊಳಗೆ ಹೂತುಹೋಗಿ, ಉಬ್ಬಿದ ನಡುಭಾಗ ಮೃದು ಪ್ರದೇಶವನ್ನೇ ಮೇಲಕ್ಕೆ ಒತ್ತುತ್ತದೆ.

ಜರ್ಮನಿಯ ಕಲೋನ್ ನಗರದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ನಾಲ್ಕು ಬಗೆಯ ಸೀಟುಗಳ ಮೇಲೆ ಕುಳಿತಾಗ ಶಿಶ್ನಕ್ಕೆ ತಲುಪುವ ಆಮ್ಲಜನಕ ಎಷ್ಟು ಕಡಿಮೆಯಾಗುತ್ತದೆಂದು ಅವರು ಅಳೆದರು. ಕಿರಿದಾದ, ತುಂಬಾ ಮೆತ್ತೆಯಿದ್ದ ಸೀಟಿನಲ್ಲಿ ಸುಮಾರು ಶೇ. 82ರಷ್ಟು ಇಳಿಕೆ ಕಂಡಿತು. ಮೆತ್ತೆಯೇ ಇಲ್ಲದ ಅಗಲ ಚರ್ಮದ ಸೀಟಿನಲ್ಲಿ ಇಳಿಕೆ ಸುಮಾರು ಶೇ. 64. ಮುಂದಿನ ಮೂತಿಯಿಲ್ಲದ ಅಗಲ ಸೀಟಿನಲ್ಲಿ ಕೇವಲ ಶೇ. 20. ಮೆತ್ತೆಗಿಂತ ಅಗಲ ಮುಖ್ಯ ಎಂಬುದು ಇದರ ತಾತ್ಪರ್ಯ.

ಸೈಕಲ್ ಮೇಲೆ ಗಸ್ತು ತಿರುಗುವ ಅಮೆರಿಕದ ಪೊಲೀಸರ ಮೇಲೂ ಇಂಥದೇ ಪ್ರಯೋಗ ನಡೆಯಿತು. ಅಲ್ಲಿನ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಶ್ 90 ಪೊಲೀಸರಿಗೆ ಆರು ತಿಂಗಳ ಕಾಲ ಮೂತಿಯಿಲ್ಲದ ಸೀಟು ಕೊಟ್ಟು, 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಜೋಮು ಆಗಿಲ್ಲ ಎಂದವರ ಪ್ರಮಾಣ ಶೇ. 27ರಿಂದ ಶೇ. 82ಕ್ಕೆ ಏರಿತ್ತು. ಉದ್ಯೋಗಕ್ಕಾಗಿ ಸೈಕಲ್ ತುಳಿಯುವವರಿಗೆ ಅಂಥ ಸೀಟನ್ನು ಸಂಸ್ಥೆ ಶಿಫಾರಸು ಮಾಡಿತು. ಆದರೆ ಮೂತಿಯಿಲ್ಲದ ಸೀಟಿನಲ್ಲಿ ತೊಡೆಯಿಂದ ಸೈಕಲ್ಲನ್ನು ಹಿಡಿದು ನಿಯಂತ್ರಿಸುವ ಆಸರೆ ತಪ್ಪುತ್ತದೆ. ಕೈಗಳ ಮೇಲೆ ಭಾರ ಹೆಚ್ಚುತ್ತದೆ. ಆದ್ದರಿಂದ ಉಳಿದ ಉಪಾಯಗಳು ಫಲಿಸದಿದ್ದಾಗ ಮಾತ್ರ ಇದನ್ನು ಪರಿಗಣಿಸುವುದು ಒಳಿತು.

ಮನೆಯಲ್ಲೇ ಅಳತೆ ತೆಗೆಯುವ ಬಗೆ

ಚಪ್ಪಲಿ ಕೊಳ್ಳುವಾಗ ಪಾದದ ಅಳತೆ ನೋಡುವ ನಾವು ಸೀಟು ಕೊಳ್ಳುವಾಗ ಅಳತೆಯ ಗೊಡವೆಗೆ ಹೋಗುವುದಿಲ್ಲ. ಇದಕ್ಕೆ ಬೇಕಾದ್ದು ಒಂದು ರಟ್ಟಿನ ತುಂಡು ಮಾತ್ರ.

1. ಸಾಮಾನು ತುಂಬಿ ಬರುವ ಪೆಟ್ಟಿಗೆಯ ಒಳಪದರ ಸುಕ್ಕುಸುಕ್ಕಾಗಿರುವ ರಟ್ಟನ್ನು ಗಟ್ಟಿಯಾದ ಮೆಟ್ಟಿಲು ಅಥವಾ ಸ್ಟೂಲಿನ ಮೇಲೆ ಇಡಿ.

2. ತೆಳು ಬಟ್ಟೆ ಧರಿಸಿ ಅದರ ಮೇಲೆ ಕುಳಿತು, ಮಂಡಿಗಳನ್ನು ತುಸು ಮೇಲಕ್ಕೆತ್ತಿ, ಸೈಕಲ್ ಮೇಲಿರುವಂತೆ ಸ್ವಲ್ಪ ಮುಂದಕ್ಕೆ ಬಾಗಿ. ಒಂದು ನಿಮಿಷ ಹಾಗೆಯೇ ಇರಿ.

3. ಎದ್ದಾಗ ರಟ್ಟಿನ ಮೇಲೆ ಎರಡು ಗುಳಿಗಳು ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿನವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಇರುತ್ತದೆ.

4. ಬಾಗಿ ತುಳಿಯುವವರು ಈ ಅಳತೆಗೆ 2ರಿಂದ 3 ಸೆಂ.ಮೀ. ಸೇರಿಸಿದರೆ ಸೀಟಿನ ಹಿಂಭಾಗದ ಸೂಕ್ತ ಅಗಲ ಸಿಗುತ್ತದೆ. ನೆಟ್ಟಗೆ ಕೂರುವವರಿಗೆ ಇನ್ನೂ ಒಂದೆರಡು ಸೆಂ.ಮೀ. ಹೆಚ್ಚು ಬೇಕು.

ದೇಹದ ತೂಕಕ್ಕೂ ಈ ಅಳತೆಗೂ ನೇರ ಸಂಬಂಧವಿಲ್ಲ. ದಪ್ಪಗಿರುವವರ ಮೂಳೆಗಳ ಅಂತರ ಕಡಿಮೆ ಇರಬಹುದು, ಸಣಕಲು ದೇಹದವರದು ಹೆಚ್ಚಿರಬಹುದು. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬಾರದು. ಸಿಕ್ಕ ಅಳತೆಯನ್ನು ಬರೆದುಕೊಂಡು ಅಂಗಡಿಗೆ ಹೋಗಿ, ಸೀಟಿನ ಅತ್ಯಂತ ಅಗಲವಾದ ಭಾಗವನ್ನು ಟೇಪಿನಿಂದ ಅಳೆದು ನೋಡಿ. ನಡುವೆ ಸೀಳು ಅಥವಾ ತಗ್ಗು ಇರುವ ಸೀಟು ಅನೇಕರಿಗೆ ಹಿತವಾಗುತ್ತದೆ. ಕೆಲವರಿಗೆ ಸೀಳಿನ ಅಂಚೇ ಒತ್ತುತ್ತದೆ. ಸಾಧ್ಯವಾದರೆ ಅಂಗಡಿಯವರ ಒಪ್ಪಿಗೆ ಪಡೆದು ಅರ್ಧ ಗಂಟೆ ತುಳಿದು ನೋಡಿಯೇ ಕೊಳ್ಳಿ.

ಕೂಡಿಸುವ ಕ್ರಮ

ಹೊಸ ಸೀಟು ಕೊಳ್ಳುವ ಮೊದಲು ಇರುವ ಸೀಟನ್ನೇ ಸರಿಯಾಗಿ ಕೂಡಿಸಿ ನೋಡುವುದು ಜಾಣತನ. ಒಂದು ಪಾನಾ ಅಥವಾ ಅಲೆನ್ ಕೀ ಇದ್ದರೆ ಹತ್ತು ನಿಮಿಷದ ಕೆಲಸ.

ಎತ್ತರ: ಗೋಡೆಗೆ ಕೈಯಾನಿಸಿ ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಕೆಳಗಿರುವ ಪೆಡಲ್ ಮೇಲಿಡಿ. ಕಾಲು ನೇರವಾಗಿ ನಿಲ್ಲಬೇಕು. ಬಳಿಕ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತುಸು ಬಾಗಿರುತ್ತದೆ. ಸೀಟು ತೀರಾ ಎತ್ತರವಿದ್ದರೆ ಸೊಂಟ ಅತ್ತಿತ್ತ ಓಲಾಡಿ ಮೃದು ಭಾಗ ಉಜ್ಜುತ್ತದೆ. ತೀರಾ ತಗ್ಗಿದ್ದರೆ ಕಾಲು ಭಾರ ಹೊರದೆ ಎಲ್ಲವೂ ಸೀಟಿನ ಮೇಲೇ ಬೀಳುತ್ತದೆ.

ವಾಲು: ಸೀಟಿನ ಮೂತಿ ಮೇಲಕ್ಕೆದ್ದಿದ್ದರೆ ಜೋಮು ಖಚಿತ. ಗಾರೆ ಕೆಲಸದವರ ರಸಮಟ್ಟವನ್ನು ಸೀಟಿನ ಮೇಲೆ ಉದ್ದಕ್ಕೆ ಇಟ್ಟು ಸಮತಲಕ್ಕೆ ತನ್ನಿ. ಆಮೇಲೂ ಒತ್ತಿದರೆ ಮೂತಿಯನ್ನು ಒಂದೆರಡು ಡಿಗ್ರಿ ಮಾತ್ರ ತಗ್ಗಿಸಿ. ಹೆಚ್ಚು ತಗ್ಗಿಸಿದರೆ ದೇಹ ಮುಂದಕ್ಕೆ ಜಾರಿ ಅಂಗೈಗಳ ಮೇಲೆ ಭಾರ ಬಿದ್ದು, ಕಿರುಬೆರಳು ಉಂಗುರ ಬೆರಳುಗಳಿಗೆ ಜೋಮು ಹಿಡಿಯುತ್ತದೆ.

ಹಿಂದು ಮುಂದು: ಪೆಡಲ್‌ಗಳು ನೆಲಕ್ಕೆ ಸಮಾಂತರವಾಗಿದ್ದಾಗ ಮುಂದಿನ ಮಂಡಿ ಪೆಡಲಿನ ನೇರ ಮೇಲಿರುವಂತೆ ಸೀಟನ್ನು ಸರಿಸುವುದು ರೂಢಿ. ಹ್ಯಾಂಡಲ್ ದೂರವೆನಿಸಿ ಮೂತಿಯ ಮೇಲೆ ಜಾರಿ ಕೂರುವಂತಾದರೆ, ಹ್ಯಾಂಡಲನ್ನು ಎತ್ತರಿಸುವುದು ಅಥವಾ ಹತ್ತಿರಕ್ಕೆ ತರುವುದು ಸರಿಯಾದ ಪರಿಹಾರ.

ಒಮ್ಮೆಗೆ ಒಂದನ್ನೇ ಬದಲಿಸಿ, ಎರಡು ಮೂರು ಸವಾರಿ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಸೀಟಿನ ಕಂಬದ ಮೇಲಿರುವ ಗಡಿ ಗೆರೆ ಹೊರಗೆ ಕಾಣುವಷ್ಟು ಎತ್ತರಿಸಬಾರದು; ಕಂಬ ಮುರಿಯುವ ಅಪಾಯವಿದೆ. ಕರಾವಳಿಯಲ್ಲಿ ಉಪ್ಪಿನಂಶಕ್ಕೆ ಕಂಬ ಚೌಕಟ್ಟಿನೊಳಗೆ ಕಚ್ಚಿಕೊಳ್ಳುವುದರಿಂದ ಮಳೆಗಾಲಕ್ಕೆ ಮುನ್ನ ಒಮ್ಮೆ ಹೊರತೆಗೆದು ಗ್ರೀಸ್ ಹಚ್ಚುವುದು ಉತ್ತಮ.

ಸವಾರಿಯ ಅಭ್ಯಾಸ

ಎಷ್ಟೇ ಒಳ್ಳೆಯ ಸೀಟಾದರೂ ಅಲುಗಾಡದೆ ಕುಳಿತರೆ ಒತ್ತುತ್ತದೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆಯಾದರೂ ಪೆಡಲ್ ಮೇಲೆ ಎದ್ದು ನಿಂತು ಒಂದೆರಡು ನಿಮಿಷ ತುಳಿಯಿರಿ. ಹೆದ್ದಾರಿಯಲ್ಲಿ ಹಿಂದಿನಿಂದ ವಾಹನ ಬರುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡೇ ಹೀಗೆ ಮಾಡಬೇಕು. ಗಂಟೆಗೊಮ್ಮೆ ಇಳಿದು ನಡೆಯಿರಿ. ಜೋಮು ಆರಂಭವಾದ ಕ್ಷಣವೇ ನಿಲ್ಲಬೇಕು. ಸ್ವಲ್ಪ ಹೊತ್ತಿನಲ್ಲಿ ತಾನೇ ಹೋಗುತ್ತದೆಂದು ತುಳಿಯುತ್ತ ಹೋಗಬಾರದು.

ಒಂದು ಗಂಟೆಗಿಂತ ಹೆಚ್ಚು ತುಳಿಯುವವರಿಗೆ ಮೆತ್ತೆಯಿರುವ ಸೈಕ್ಲಿಂಗ್ ಚಡ್ಡಿ ನೆರವಾಗುತ್ತದೆ. ಅದರೊಳಗೆ ಒಳ ಉಡುಪು ಧರಿಸಬಾರದು, ಹೊಲಿಗೆ ಒತ್ತಿ ಗಾಯವಾಗುತ್ತದೆ. ಜೀನ್ಸ್ ಪ್ಯಾಂಟ್ ಸರ್ವಥಾ ಬೇಡ. ಕರಾವಳಿಯ ಸೆಕೆಯಲ್ಲಿ ಬೆವರಿನಿಂದ ಚರ್ಮ ನೆನೆದು ಬೇಗ ಸುಲಿಯುವುದರಿಂದ ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಒಣ ಬಟ್ಟೆ ಧರಿಸುವುದು, ಚಡ್ಡಿಯನ್ನು ಪ್ರತಿ ಸವಾರಿಯ ನಂತರ ಒಗೆಯುವುದು ಅವಶ್ಯ.

ಮಹಿಳೆಯರು ಮತ್ತು ಮಕ್ಕಳು

ಜೋಮು ಗಂಡಸರ ಸಮಸ್ಯೆಯೆಂಬ ತಪ್ಪು ಕಲ್ಪನೆಯಿದೆ. ಮಹಿಳೆಯರಲ್ಲೂ ಅದೇ ನರ ಒತ್ತಿ ಜೋಮು, ಊತ, ನೋವು ಉಂಟಾಗುತ್ತವೆ. ಮಹಿಳೆಯರ ಕೂರುವ ಮೂಳೆಗಳ ಅಂತರ ಸರಾಸರಿಯಲ್ಲಿ ಹೆಚ್ಚಿರುವುದರಿಂದ ಅವರಿಗೆ ಅಗಲವಾದ, ಮೂತಿ ಗಿಡ್ಡವಾಗಿರುವ ಸೀಟು ಹೊಂದುತ್ತದೆ. ಅಣ್ಣನ ಅಥವಾ ಗಂಡನ ಸೈಕಲನ್ನು ಬಳಸುವವರು ಕನಿಷ್ಠ ಸೀಟನ್ನಾದರೂ ಬದಲಿಸಿಕೊಳ್ಳಬೇಕು.

ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆಯಿಂದ ಎಂಟನೇ ತರಗತಿಯ ಅಸಂಖ್ಯಾತ ಮಕ್ಕಳು ಸೈಕಲ್ ಏರಿ ಶಾಲೆಗೆ ಹೋದರು. ಹದಿಮೂರರ ಪ್ರಾಯದ ಮಗುವಿಗೆ ಹೊಂದಿಸಿದ ಎತ್ತರ ಹದಿನೈದಕ್ಕೆ ಸಾಲದು. ಮಕ್ಕಳು ಇಂಥ ತೊಂದರೆಯನ್ನು ಮನೆಯಲ್ಲಿ ಹೇಳಿಕೊಳ್ಳುವುದಿಲ್ಲ. ಹೆತ್ತವರು ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ ಬ್ರೇಕ್ ನೋಡುವಾಗಲೇ ಸೀಟಿನ ಎತ್ತರವನ್ನೂ ವಾಲನ್ನೂ ಸರಿಪಡಿಸಿದರೆ ಅರ್ಧ ತೊಂದರೆ ತಪ್ಪಿದಂತೆ.

ವೈದ್ಯರನ್ನು ಯಾವಾಗ ಕಾಣಬೇಕು?

ಸವಾರಿ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಹೋಗುವ ಜೋಮು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ಗಂಟೆಗಟ್ಟಲೆ ಉಳಿದರೆ, ಪ್ರತಿ ಸವಾರಿಗೂ ಹೆಚ್ಚುತ್ತ ಹೋದರೆ, ಮೂತ್ರ ವಿಸರ್ಜನೆಗೆ ಕಷ್ಟವಾದರೆ, ಮೂತ್ರದಲ್ಲಿ ರಕ್ತ ಕಂಡರೆ, ಲೈಂಗಿಕ ಸಾಮರ್ಥ್ಯದಲ್ಲಿ ಬದಲಾವಣೆ ಕಂಡರೆ ಸವಾರಿಯನ್ನು ನಿಲ್ಲಿಸಿ ಮೂತ್ರಾಂಗ ತಜ್ಞರನ್ನು ಕಾಣಬೇಕು. ಸಕ್ಕರೆ ಕಾಯಿಲೆಯವರಲ್ಲಿ ನರಗಳ ಸಂವೇದನೆ ಮೊದಲೇ ಕುಂದಿರಬಹುದು. ಒತ್ತಡದ ಗಾಯವಾದರೂ ತಿಳಿಯದೆ ಹೋಗುವುದರಿಂದ ಅವರು ಸವಾರಿಯ ನಂತರ ಚರ್ಮವನ್ನು ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಇನ್ನೊಂದು ಎಚ್ಚರಿಕೆಯ ಮಾತು ಅತಿ ಮುಖ್ಯ. ಸೈಕಲ್ ತುಳಿಯದಿದ್ದಾಗಲೂ ತೊಡೆಸಂದಿ ಮತ್ತು ಪೃಷ್ಠದಲ್ಲಿ ಸ್ಪರ್ಶಜ್ಞಾನ ಇಲ್ಲವಾಗಿ, ಜೊತೆಗೆ ತೀವ್ರ ಸೊಂಟನೋವು, ಕಾಲುಗಳಲ್ಲಿ ಬಲಹೀನತೆ, ಮಲಮೂತ್ರದ ಹತೋಟಿ ತಪ್ಪುವುದು ಕಂಡುಬಂದರೆ ಅದು ಸೀಟಿನ ದೋಷವಲ್ಲ. ಬೆನ್ನುಹುರಿಯ ಕೆಳತುದಿಯ ನರಗುಚ್ಛ ಒತ್ತಿಹೋದ ಲಕ್ಷಣವದು. ವೈದ್ಯರು ಇದನ್ನು ಸ್ಯಾಡಲ್ ಅನಸ್ತೇಷಿಯಾ ಎಂದು ಕರೆಯುವುದರಿಂದ ಸೈಕಲ್ ಸವಾರರಿಗೆ ಗೊಂದಲವಾಗಬಹುದು. ಇಲ್ಲಿ ಗಂಟೆಗಳ ವಿಳಂಬವೂ ಶಾಶ್ವತ ಹಾನಿ ತರಬಲ್ಲದು. ತಕ್ಷಣ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ನೆನಪಿಡಬೇಕಾದ ಅಂಶಗಳು

* ಮೆತ್ತೆ ನೋಡಿ ಸೀಟು ಕೊಳ್ಳಬೇಡಿ. ರಟ್ಟಿನ ಮೇಲೆ ಕುಳಿತು ಅಳತೆ ತೆಗೆದುಕೊಳ್ಳಿ.
* ಹೊಸ ಸೀಟಿಗೆ ಮೊದಲು ಇರುವ ಸೀಟಿನ ಎತ್ತರ, ವಾಲು ಸರಿಪಡಿಸಿ.
* ಹ್ಯಾಂಡಲ್ ಸೀಟಿನ ಮಟ್ಟಕ್ಕಿಂತ ತಗ್ಗಿರದಂತೆ ನೋಡಿಕೊಳ್ಳಿ.
* ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಒಟ್ಟು 12 ನಿಮಿಷ ಎದ್ದು ನಿಂತು ತುಳಿಯಿರಿ.
* ಇಳಿದ ಮೇಲೂ ಹೋಗದ ಜೋಮನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ.